ಏಮ್ಸ್ ಪರೀಕ್ಷೆ: ರಾಸಾಯನಿಕ ಸರಕಿನ ವ್ಯವಹಾರದಲ್ಲಿ ತಿಳಿದಿರಬೇಕಾದ ಅಂಶಗಳು

ಸರಕನ್ನು ಕೊಳ್ಳುವಾಗ ವರ್ತಕನು ತೂಕ, ಶುದ್ಧತೆ, ತೇವಾಂಶ, ಬಣ್ಣ ಮತ್ತು ದರಗಳನ್ನು ಪರಿಶೀಲಿಸುವುದು ವಾಡಿಕೆ. ಇವೆಲ್ಲವೂ ಕಣ್ಣಿಗೆ ಕಾಣುವ ಅಥವಾ ಸಾಮಾನ್ಯ ಪ್ರಯೋಗಾಲಯದಲ್ಲಿ ಒಂದೆರಡು ದಿನಗಳಲ್ಲಿ ತಿಳಿಯುವ ಗುಣಗಳು. ಆದರೆ ಬಟ್ಟೆಗೆ ಹಾಕುವ ಬಣ್ಣ, ಔಷಧ ತಯಾರಿಕೆಯ ಇಂಟರ್‌ಮೀಡಿಯೇಟ್, ಪ್ಲಾಸ್ಟಿಕ್‌ಗೆ ಬೆರೆಸುವ ಪದಾರ್ಥ, ಕೂದಲಿನ ಬಣ್ಣ ಮುಂತಾದ ರಾಸಾಯನಿಕ ಸರಕುಗಳಲ್ಲಿ ಈ ಯಾವ ಪರಿಶೀಲನೆಗೂ ಸಿಗದ ಮತ್ತೊಂದು ಗುಣ ಅಡಗಿರಬಹುದು. ಅದು ಜೀವಕೋಶದ ವಂಶವಾಹಿಗಳನ್ನು ಕೆಡಿಸುವ ಗುಣ. ಇಂತಹ ಸರಕು ನೋಡಲು ಉತ್ತಮ ಸರಕಿನಂತೆಯೇ ಇರುತ್ತದೆ, ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ದೋಷವು ಬೆಳಕಿಗೆ ಬರುವ ವೇಳೆಗೆ ಸರಕು ಮಾರಾಟವಾಗಿ, ಬಳಕೆಯಾಗಿ, ಹಣವೂ ಸಂದಾಯವಾಗಿರುತ್ತದೆ.

ವಿದೇಶದ ಖರೀದಿದಾರರು ರಾಸಾಯನಿಕ ಸರಕಿಗೆ ಬೇಡಿಕೆ ಸಲ್ಲಿಸುವಾಗ ಕೇಳುವ ದಾಖಲೆಗಳ ಪಟ್ಟಿಯಲ್ಲಿ ‘ಬ್ಯಾಕ್ಟೀರಿಯಲ್ ರಿವರ್ಸ್ ಮ್ಯುಟೇಶನ್ ಟೆಸ್ಟ್’ ಅಥವಾ ‘ಏಮ್ಸ್ ಟೆಸ್ಟ್’ ಎಂಬ ಹೆಸರು ಆಗಾಗ್ಗೆ ಕಂಡುಬರುತ್ತದೆ. ದೆಹಲಿಯ ಹೆಸರಾಂತ ಆಸ್ಪತ್ರೆಗೂ ಈ ಹೆಸರಿಗೂ ಸಂಬಂಧವಿಲ್ಲ. ಇದು ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಅವರ ಹೆಸರಿನಿಂದ ಬಂದ ಪರೀಕ್ಷೆ. ಅದರ ತತ್ವವೇನು, ವರದಿಯನ್ನು ಹೇಗೆ ಓದಬೇಕು, ಪರೀಕ್ಷೆಯನ್ನು ಉಪೇಕ್ಷಿಸಿದರೆ ನಷ್ಟ ಯಾರ ಮೇಲೆ ಬೀಳುತ್ತದೆ ಎಂಬ ವಿಷಯಗಳನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಉತ್ಪರಿವರ್ತನೆ ಎಂದರೇನು?

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಅಣುವಿದೆ. ಅದನ್ನು ಜೀವಕೋಶದ ಲೆಕ್ಕದ ಪುಸ್ತಕವೆಂದು ತಿಳಿಯಬಹುದು. ಕೇವಲ ನಾಲ್ಕು ಅಕ್ಷರಗಳಿಂದ ಬರೆಯಲ್ಪಟ್ಟ ಈ ಪುಸ್ತಕವನ್ನು ಜೀವಕೋಶವು ಮೂರು ಮೂರು ಅಕ್ಷರಗಳಂತೆ ಓದಿಕೊಂಡು ತನಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸುತ್ತದೆ. ಜೀವಕೋಶ ಎರಡಾಗುವಾಗಲೆಲ್ಲ ಇಡೀ ಪುಸ್ತಕದ ನಕಲು ತೆಗೆಯಬೇಕಾಗುತ್ತದೆ. ನಕಲಿನಲ್ಲಿ ಉಂಟಾಗಿ ಶಾಶ್ವತವಾಗಿ ಉಳಿದುಬಿಡುವ ತಪ್ಪಿಗೆ ಉತ್ಪರಿವರ್ತನೆ ಎಂದು ಹೆಸರು.

ಈ ತಪ್ಪುಗಳಲ್ಲಿ ಎರಡು ಬಗೆಗಳು ಮುಖ್ಯವಾದವು. ಲೆಕ್ಕ ಬರೆಯುವವರಿಗೆ ಇವೆರಡೂ ಪರಿಚಿತವೇ. 482, 715, 936 ಎಂಬ ಅಂಕಿಗಳನ್ನು ನಕಲು ಮಾಡುವಾಗ 482ರ ಬದಲು 432 ಎಂದು ಬರೆದರೆ ಒಂದು ನಮೂದು ಮಾತ್ರ ತಪ್ಪುತ್ತದೆ. ಇದು ಅಕ್ಷರ ಬದಲಾವಣೆಯ ತಪ್ಪು. ಆದರೆ 8 ಎಂಬ ಅಂಕಿಯೇ ಬಿಟ್ಟುಹೋಗಿ, ಉಳಿದುದನ್ನು ಮೂರು ಮೂರರಂತೆ ಓದಿದರೆ 427, 159, 36 ಎಂದಾಗುತ್ತದೆ. ಒಂದು ಅಂಕಿ ಜಾರಿದ ಮಾತ್ರಕ್ಕೆ ಅಲ್ಲಿಂದ ಮುಂದಿನ ಎಲ್ಲ ನಮೂದುಗಳೂ ಕೆಡುತ್ತವೆ. ಇದು ಚೌಕಟ್ಟು ಜಾರುವ ತಪ್ಪು. ರಾಸಾಯನಿಕಗಳಲ್ಲಿ ಕೆಲವು ಮೊದಲನೆಯ ಬಗೆಯ ತಪ್ಪನ್ನೂ, ಕೆಲವು ಎರಡನೆಯದನ್ನೂ ಉಂಟುಮಾಡುತ್ತವೆ. ಮನುಷ್ಯನ ಜೀವಕೋಶಗಳಲ್ಲಿ ಇಂತಹ ತಪ್ಪುಗಳು ಕೂಡುತ್ತಾ ಹೋದರೆ ಕ್ಯಾನ್ಸರ್ ರೋಗಕ್ಕೆ ದಾರಿಯಾಗಬಹುದು. ಪರೀಕ್ಷೆಯ ಮಹತ್ವ ಇರುವುದು ಇಲ್ಲಿಯೇ.

ಪರೀಕ್ಷೆಯ ಹಿನ್ನೆಲೆ

ರಾಸಾಯನಿಕವೊಂದು ಕ್ಯಾನ್ಸರ್‌ಕಾರಕವೇ ಎಂಬುದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲು ಇಲಿಗಳಿಗೆ ಎರಡು ವರ್ಷ ಕಾಲ ಅದನ್ನು ನೀಡಿ, ಅನಂತರ ಅಂಗಾಂಗಗಳನ್ನು ಪರಿಶೀಲಿಸಬೇಕಾಗುತ್ತದೆ. ಕಾಲವೂ ಹೆಚ್ಚು, ವೆಚ್ಚವೂ ಅಪಾರ. ಮಾರುಕಟ್ಟೆಗೆ ಬರುವ ಪ್ರತಿಯೊಂದು ರಾಸಾಯನಿಕವನ್ನೂ ಈ ರೀತಿ ಪರೀಕ್ಷಿಸುವುದು ಅಸಾಧ್ಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿದ್ದ ಬ್ರೂಸ್ ಏಮ್ಸ್ ಮತ್ತು ಅವರ ಸಹೋದ್ಯೋಗಿಗಳು ಈ ತೊಡಕಿಗೆ ಬ್ಯಾಕ್ಟೀರಿಯಾಗಳ ಮೂಲಕ ಪರಿಹಾರ ಕಂಡುಕೊಂಡರು. 1973ರಲ್ಲಿ ಪ್ರಕಟವಾದ ಅವರ ಪ್ರಬಂಧವು ಈ ಪರೀಕ್ಷೆಗೆ ಅದರ ಪ್ರಸಿದ್ಧ ಸ್ವರೂಪವನ್ನು ನೀಡಿತು. 1975ರಲ್ಲಿ 300 ರಾಸಾಯನಿಕಗಳನ್ನು ಪರೀಕ್ಷಿಸಿದ ಫಲಿತಾಂಶಗಳು ಹೊರಬಂದವು. ಆಗ ಪರೀಕ್ಷೆಗೆ ಒಳಪಟ್ಟ 174 ಕ್ಯಾನ್ಸರ್‌ಕಾರಕಗಳಲ್ಲಿ 156, ಅಂದರೆ ಶೇಕಡಾ 90ರಷ್ಟು, ಬ್ಯಾಕ್ಟೀರಿಯಾಗಳಲ್ಲಿಯೂ ಉತ್ಪರಿವರ್ತನೆಯನ್ನು ಉಂಟುಮಾಡಿದ್ದವು.

ಏಮ್ಸ್ ಅವರು ಈ ಪರೀಕ್ಷೆಗೆ ಪೇಟೆಂಟ್ ಪಡೆಯಲಿಲ್ಲ. ತಾವು ಬೆಳೆಸಿದ ಬ್ಯಾಕ್ಟೀರಿಯಾ ತಳಿಗಳನ್ನು ಕೇಳಿದ ಪ್ರಯೋಗಾಲಯಗಳಿಗೆ ಉಚಿತವಾಗಿ ಕಳುಹಿಸಿಕೊಟ್ಟರು. ಪರೀಕ್ಷೆಯು ಕೆಲವೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಹರಡಲು ಈ ಔದಾರ್ಯವೂ ಒಂದು ಕಾರಣ. 1928ರಲ್ಲಿ ಜನಿಸಿದ ಅವರು 2024ರಲ್ಲಿ ನಿಧನರಾದರು.

ಪರೀಕ್ಷೆಯನ್ನು ನಡೆಸುವ ಕ್ರಮ

ಈ ಪರೀಕ್ಷೆಗೆ ಮುಖ್ಯವಾಗಿ ಬಳಸುವುದು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂಬ ಬ್ಯಾಕ್ಟೀರಿಯಾವನ್ನು. ಸಾಮಾನ್ಯ ಸ್ಥಿತಿಯಲ್ಲಿ ಇದು ತನಗೆ ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಪರೀಕ್ಷೆಗೆಂದು ಆರಿಸಿದ ತಳಿಗಳಲ್ಲಿ ಹಿಸ್ಟಿಡಿನ್ ತಯಾರಿಸುವ ವಂಶವಾಹಿಯಲ್ಲಿ ಮೊದಲೇ ಒಂದು ತಪ್ಪು ಇರುತ್ತದೆ. ಆದುದರಿಂದ ಹೊರಗಿನಿಂದ ಹಿಸ್ಟಿಡಿನ್ ಒದಗಿಸದಿದ್ದರೆ ಅವು ಬೆಳೆಯಲಾರವು.

ಪೆಟ್ರಿ ತಟ್ಟೆಯೊಂದರಲ್ಲಿ ಹಿಸ್ಟಿಡಿನ್ ಇಲ್ಲದ ಅಗಾರ್ ಹಾಸಿ, ಅದರ ಮೇಲೆ ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳನ್ನೂ ಪರೀಕ್ಷಿಸಬೇಕಾದ ರಾಸಾಯನಿಕವನ್ನೂ ಅತ್ಯಲ್ಪ ಹಿಸ್ಟಿಡಿನ್ ಇರುವ ತೆಳುವಾದ ಅಗಾರ್‌ನಲ್ಲಿ ಬೆರೆಸಿ ಸುರಿಯಲಾಗುತ್ತದೆ. ಅತ್ಯಲ್ಪ ಹಿಸ್ಟಿಡಿನ್ ಇರುವುದು ಬ್ಯಾಕ್ಟೀರಿಯಾಗಳು ಕೆಲವು ಬಾರಿ ಮಾತ್ರ ವಿಭಜನೆಗೊಳ್ಳಲಿ ಎಂಬ ಉದ್ದೇಶದಿಂದ. ಅನಂತರ ತಟ್ಟೆಯನ್ನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 48ರಿಂದ 72 ಗಂಟೆಗಳ ಕಾಲ ಇಡಲಾಗುತ್ತದೆ. ರಾಸಾಯನಿಕವು ವಂಶವಾಹಿಯನ್ನು ಕೆಡಿಸುವ ಗುಣವುಳ್ಳದ್ದಾದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಹಳೆಯ ತಪ್ಪಿನ ಮೇಲೆ ಹೊಸ ತಪ್ಪು ಬಿದ್ದು, ವಂಶವಾಹಿ ಮತ್ತೆ ಕೆಲಸ ಮಾಡತೊಡಗುತ್ತದೆ. ತಪ್ಪನ್ನು ತಪ್ಪು ಸರಿದೂಗಿಸಿ ತಾಳೆಪಟ್ಟಿ ಹೊಂದಿಕೊಳ್ಳುವಂತೆಯೇ ಇದು. ಹೀಗೆ ಸರಿಯಾದ ಒಂದೊಂದು ಬ್ಯಾಕ್ಟೀರಿಯಾವೂ ಬೆಳೆದು, ಬರಿಗಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸುವುದೇ ಪರೀಕ್ಷೆಯ ಅಂತಿಮ ಹಂತ.

ರಾಸಾಯನಿಕವಿಲ್ಲದ ತಟ್ಟೆಯಲ್ಲಿಯೂ ತಾನಾಗಿ ಉಂಟಾಗುವ ತಪ್ಪುಗಳಿಂದ ಕೆಲವು ಚುಕ್ಕೆಗಳು ಇದ್ದೇ ಇರುತ್ತವೆ. ಟಿಎ 100 ಎಂಬ ತಳಿಯಲ್ಲಿ ಇವು ನೂರರ ಮೇಲಿದ್ದರೆ ಟಿಎ 1535ರಲ್ಲಿ ಹತ್ತರ ಆಸುಪಾಸಿನಲ್ಲಿರುತ್ತವೆ. ರಾಸಾಯನಿಕದ ಪ್ರಮಾಣ ಹೆಚ್ಚಿಸುತ್ತಾ ಹೋದಂತೆ ಚುಕ್ಕೆಗಳ ಸಂಖ್ಯೆಯೂ ಕ್ರಮವಾಗಿ ಏರಿ ಸಾಮಾನ್ಯ ಸಂಖ್ಯೆಯ ಎರಡರಷ್ಟನ್ನು ಮೀರಿದರೆ, ಫಲಿತಾಂಶವನ್ನು ‘ಪಾಸಿಟಿವ್’ ಎಂದು ಪರಿಗಣಿಸುವುದು ರೂಢಿ. ತಾನಾಗಿ ಬರುವ ಚುಕ್ಕೆಗಳು ಕಡಿಮೆಯಿರುವ ತಳಿಗಳಿಗೆ ಮೂರರಷ್ಟನ್ನು ಅಳತೆಗೋಲಾಗಿ ಇಟ್ಟುಕೊಳ್ಳುವವರೂ ಇದ್ದಾರೆ.

ಇಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಸಾಲ್ಮೊನೆಲ್ಲಾ ತಳಿಗಳ ಹೊರಪದರವನ್ನು ದುರ್ಬಲಗೊಳಿಸಿ ರಾಸಾಯನಿಕವು ಸುಲಭವಾಗಿ ಒಳಸೇರುವಂತೆ ಮಾಡಲಾಗಿದೆ. ಡಿ.ಎನ್.ಎ.ಯ ತಪ್ಪನ್ನು ದುರಸ್ತಿಮಾಡುವ ಶಕ್ತಿಯನ್ನೂ ಮುಖ್ಯ ತಳಿಗಳಲ್ಲಿ ಕುಂದಿಸಲಾಗಿದೆ. ಆದುದರಿಂದ ಪರೀಕ್ಷೆಯು ಬಹು ಸೂಕ್ಷ್ಮವಾದುದು. ಎರಡನೆಯದಾಗಿ, ಅನೇಕ ರಾಸಾಯನಿಕಗಳು ಇದ್ದ ರೂಪದಲ್ಲಿ ನಿರಪಾಯವಾಗಿದ್ದು, ದೇಹದೊಳಗೆ ಯಕೃತ್ತಿನಲ್ಲಿ ರೂಪಾಂತರಗೊಂಡ ಮೇಲೆ ಅಪಾಯಕಾರಿಯಾಗುತ್ತವೆ. ಬ್ಯಾಕ್ಟೀರಿಯಾಗಳಿಗೆ ಯಕೃತ್ತಿಲ್ಲ. ಈ ಕೊರತೆಯನ್ನು ತುಂಬಲು ಇಲಿಯ ಯಕೃತ್ತಿನಿಂದ ತೆಗೆದ ‘ಎಸ್-9’ ಎಂಬ ಸಾರವನ್ನು ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ, ಹೀಗೆ ಎರಡು ಸಾರಿ ಪರೀಕ್ಷೆ ನಡೆಸಲಾಗುತ್ತದೆ.

ಟ್ರಿಸ್ ಪ್ರಕರಣದ ಪಾಠ

ಈ ಪರೀಕ್ಷೆಯು ವ್ಯಾಪಾರದ ಮೇಲೆ ಎಂತಹ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಅಮೆರಿಕದ ಟ್ರಿಸ್ ಪ್ರಕರಣವು ಅತ್ಯುತ್ತಮ ನಿದರ್ಶನ. 1970ರ ದಶಕದ ಆರಂಭದಲ್ಲಿ ಮಕ್ಕಳು ರಾತ್ರಿ ತೊಡುವ ಉಡುಪುಗಳಿಗೆ ಬೆಂಕಿ ಬೇಗ ಹತ್ತದಂತಿರಬೇಕೆಂಬ ನಿಯಮವನ್ನು ಅಲ್ಲಿನ ಕೇಂದ್ರ ಸರಕಾರವು ಜಾರಿಗೆ ತಂದಿತು. ನಿಯಮವನ್ನು ಪಾಲಿಸಲು ತಯಾರಕರು ಬಟ್ಟೆಗೆ ಬ್ರೋಮಿನ್ ಉಳ್ಳ ಟ್ರಿಸ್ ಎಂಬ ರಾಸಾಯನಿಕವನ್ನು ಬಳಸತೊಡಗಿದರು. ಅಗ್ಗವಾದುದು, ಪರಿಣಾಮಕಾರಿಯಾದುದು, ಸಿಂಥೆಟಿಕ್ ಬಟ್ಟೆಗೆ ಚೆನ್ನಾಗಿ ಹಿಡಿಯುವಂತಹದು ಎಂಬ ಕಾರಣಗಳಿಂದ ಅದು ಜನಪ್ರಿಯವಾಯಿತು. ಕಾನೂನನ್ನು ಪಾಲಿಸಿದ್ದೇವೆಂಬ ನೆಮ್ಮದಿ ತಯಾರಕರಿಗಿತ್ತು.

1977ರ ಜನವರಿಯಲ್ಲಿ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಟ್ರಿಸ್ ಬ್ಯಾಕ್ಟೀರಿಯಾಗಳಲ್ಲಿ ಉತ್ಪರಿವರ್ತನೆಯನ್ನು ಉಂಟುಮಾಡುತ್ತದೆ, ಮಕ್ಕಳ ಉಡುಪಿನಲ್ಲಿ ಅದನ್ನು ಬಳಸಕೂಡದು ಎಂದು ತಿಳಿಸಿದರು. ಅದೇ ವರ್ಷ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಅದು ಕ್ಯಾನ್ಸರ್‌ಕಾರಕವೆಂದು ಕಂಡುಬಂದಿತು. ಗ್ರಾಹಕ ಉತ್ಪನ್ನಗಳ ಸುರಕ್ಷತಾ ಆಯೋಗವು 1977ರ ಏಪ್ರಿಲ್‌ನಲ್ಲಿ ಟ್ರಿಸ್ ಬಳಸಿದ ಮಕ್ಕಳ ಉಡುಪುಗಳನ್ನು ನಿಷೇಧಿಸಿತು. ಬೆಳಿಗ್ಗೆ ಬೆಲೆಬಾಳುತ್ತಿದ್ದ ದಾಸ್ತಾನು ಸಂಜೆಯ ವೇಳೆಗೆ ಮಾರಲಾಗದ ಸರಕಾಯಿತು.

ಮುಂದೆ ನಡೆದುದು ವರ್ತಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಸರಕನ್ನು ಹಿಂದಕ್ಕೆ ಕೊಳ್ಳುವ ಹೊರೆ ಮೊದಲು ಉಡುಪು ತಯಾರಕರ ಮೇಲೆ ಬಿತ್ತು. ರಾಸಾಯನಿಕವನ್ನು ತಯಾರಿಸಿದವರು, ಬಟ್ಟೆಗೆ ಅದನ್ನು ಹಾಕಿದ ಗಿರಣಿಗಳವರು ಬೇರೆಯವರು. ಉಡುಪು ತಯಾರಕರ ಸಂಘವು ನ್ಯಾಯಾಲಯದ ಮೊರೆಹೊಕ್ಕು ಹೊರೆಯನ್ನು ಬಟ್ಟೆ ಮತ್ತು ರಾಸಾಯನಿಕ ತಯಾರಕರಿಗೂ ವಿಸ್ತರಿಸುವ ಆದೇಶ ಪಡೆಯಿತು. ಬಟ್ಟೆ ಗಿರಣಿಯೊಂದು ಇನ್ನೊಂದು ನ್ಯಾಯಾಲಯಕ್ಕೆ ಹೋಗಿ, ಆಯೋಗವು ಸರಿಯಾದ ಕಾರ್ಯವಿಧಾನವನ್ನು ಅನುಸರಿಸಲಿಲ್ಲವೆಂಬ ಆಧಾರದ ಮೇಲೆ ನಿಷೇಧದ ಆದೇಶಕ್ಕೇ ತಡೆ ತಂದಿತು. ಆದರೂ ಆಯೋಗವು ಒಬ್ಬೊಬ್ಬ ಮಾರಾಟಗಾರನ ವಿರುದ್ಧ ಪ್ರತ್ಯೇಕವಾಗಿ ಕ್ರಮ ಕೈಗೊಳ್ಳುವ ದಾರಿ ಹಿಡಿದುದರಿಂದ ಸರಕು ಮಾರುಕಟ್ಟೆಗೆ ಮರಳಲಿಲ್ಲ. ಸ್ವಲ್ಪ ಸರಕು ವಿದೇಶಗಳಿಗೆ ರವಾನೆಯಾಯಿತು. 1978ರಲ್ಲಿ ಆ ದಾರಿಯನ್ನೂ ಮುಚ್ಚಲಾಯಿತು.

ನಷ್ಟ ಪರಿಹಾರಕ್ಕಾಗಿ ಅಮೆರಿಕದ ಸಂಸತ್ತು ಒಪ್ಪಿದ ಮಸೂದೆಯನ್ನು ಅಧ್ಯಕ್ಷ ಕಾರ್ಟರ್ ಅವರು 1978ರ ನವೆಂಬರಿನಲ್ಲಿ ತಿರಸ್ಕರಿಸಿದರು. ಪರಿಹಾರದ ಬೇಡಿಕೆಗಳನ್ನು ನ್ಯಾಯಾಲಯದ ಮುಂದಿಡಲು ಅವಕಾಶ ನೀಡುವ ಕಾನೂನು ಬಂದುದು 1982ರ ಡಿಸೆಂಬರಿನಲ್ಲಿ, ಅಂದರೆ ನಿಷೇಧವಾಗಿ ಐದು ವರ್ಷಗಳ ಮೇಲೆ. ಕಡಿಮೆ ಬಂಡವಾಳದ ತಯಾರಕನಿಗೆ ಐದು ವರ್ಷ ಕಾಯುವ ಶಕ್ತಿ ಎಲ್ಲಿಂದ ಬರಬೇಕು?

ಪ್ರಕರಣಕ್ಕೆ ಇನ್ನೊಂದು ಅಧ್ಯಾಯವೂ ಇದೆ. ಬ್ರೋಮಿನ್ ಟ್ರಿಸ್‌ಗೆ ಬದಲಾಗಿ ಕೆಲವರು ಅದೇ ಕುಟುಂಬಕ್ಕೆ ಸೇರಿದ ಕ್ಲೋರಿನ್ ಟ್ರಿಸ್ ಬಳಸಿದರು. 1978ರಲ್ಲಿ ಅದೂ ಉತ್ಪರಿವರ್ತಕವೆಂದು ಏಮ್ಸ್ ಅವರ ಪ್ರಯೋಗಾಲಯವು ವರದಿಮಾಡಿತು. ಮಕ್ಕಳ ಉಡುಪಿನಿಂದ ಅದನ್ನೂ ಹಿಂತೆಗೆದುಕೊಳ್ಳಬೇಕಾಯಿತು. ಹೆಸರು ನಿಷೇಧದ ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಬದಲಿ ಸರಕನ್ನು ಸುರಕ್ಷಿತವೆಂದು ತಿಳಿಯುವುದು ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಇದೇ ಬಗೆಯ ಮತ್ತೆರಡು ಉದಾಹರಣೆಗಳನ್ನು ಸಂಕ್ಷೇಪವಾಗಿ ನೋಡಬಹುದು. ಜಪಾನಿನಲ್ಲಿ 1965ರಿಂದ ಆಹಾರ ಕೆಡದಂತೆ ಬಳಸುತ್ತಿದ್ದ ಎ.ಎಫ್.-2 ಎಂಬ ಪದಾರ್ಥವು ಆರಂಭದ ಪ್ರಾಣಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿತ್ತು. ಬ್ಯಾಕ್ಟೀರಿಯಾಗಳಲ್ಲಿ ಅದು ಪ್ರಬಲ ಉತ್ಪರಿವರ್ತಕವೆಂದು ಕಂಡುಬಂದ ಮೇಲೆ 1974ರಲ್ಲಿ ಬಳಕೆ ನಿಂತಿತು. 1975ರಲ್ಲಿ ಏಮ್ಸ್ ಮತ್ತು ಸಂಗಡಿಗರು ಪರೀಕ್ಷಿಸಿದ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಚ್ಚುವ 169 ಕೂದಲು ಬಣ್ಣಗಳಲ್ಲಿ 150 ಉತ್ಪರಿವರ್ತಕಗಳಾಗಿದ್ದವು. ಅನಂತರ ಹಲವು ತಯಾರಕರು ತಮ್ಮ ಬಣ್ಣಗಳ ಘಟಕಗಳನ್ನೇ ಬದಲಿಸಿದರು.

ಫಲಿತಾಂಶದ ಅರ್ಥವೂ ಮಿತಿಯೂ

ಏಮ್ಸ್ ಪರೀಕ್ಷೆಯು ನ್ಯಾಯಾಲಯದ ತೀರ್ಪಲ್ಲ, ಪ್ರಥಮ ಮಾಹಿತಿ ವರದಿಯಂತೆ. ಪಾಸಿಟಿವ್ ಎಂದ ಮಾತ್ರಕ್ಕೆ ಸರಕು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಸಿದ್ಧವಾಗುವುದಿಲ್ಲ. ಸೋಡಿಯಂ ಅಜೈಡ್ ಬ್ಯಾಕ್ಟೀರಿಯಾಗಳಲ್ಲಿ ಪ್ರಬಲ ಉತ್ಪರಿವರ್ತಕ. ಆದರೆ ಇಲಿಗಳ ದೀರ್ಘಾವಧಿ ಪರೀಕ್ಷೆಯಲ್ಲಿ ಅದು ಕ್ಯಾನ್ಸರ್‌ಕಾರಕವೆಂದು ಕಂಡುಬರಲಿಲ್ಲ. ಕೊಡಗು, ಚಿಕ್ಕಮಗಳೂರುಗಳ ಬೆಳೆಯಾದ ಕಾಫಿಯ ವಿಷಯವೂ ಹೀಗೆಯೇ. ಹುರಿದ ಕಾಫಿಯ ಕಷಾಯವು ಈ ಪರೀಕ್ಷೆಯಲ್ಲಿ ಪಾಸಿಟಿವ್ ಫಲಿತಾಂಶ ನೀಡುತ್ತದೆ ಎಂಬುದು 1970ರ ದಶಕದ ಕೊನೆಯಿಂದಲೂ ತಿಳಿದ ವಿಷಯ. ಹಾಗಿದ್ದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸಿ, 2016ರಲ್ಲಿ ಕಾಫಿಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ ಗುಂಪಿನಲ್ಲಿರಿಸಿತು. ಪ್ರಮಾಣ ಎಷ್ಟು, ದೇಹದೊಳಗೆ ಏನಾಗುತ್ತದೆ ಎಂಬುದನ್ನು ಬ್ಯಾಕ್ಟೀರಿಯಾ ಹೇಳಲಾರದು. ಏಮ್ಸ್ ಅವರೇ ತಮ್ಮ ನಂತರದ ವರ್ಷಗಳಲ್ಲಿ, ಅತ್ಯಲ್ಪ ಪ್ರಮಾಣದ ಕೃತಕ ರಾಸಾಯನಿಕಗಳ ಬಗ್ಗೆ ಅನಗತ್ಯ ಭಯ ಸಲ್ಲದೆಂದು ಎಚ್ಚರಿಸಿದ್ದರು.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. ‘ನೆಗೆಟಿವ್’ ಎಂದರೆ ನಿರಪಾಯ ಎಂದಲ್ಲ. ಬೆಂಜೀನ್, ಕಲ್ನಾರು ಇವೆರಡೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಸಿದ್ಧಪಟ್ಟಿದೆ. ಆದರೆ ಏಮ್ಸ್ ಪರೀಕ್ಷೆಯಲ್ಲಿ ಅವು ಸಿಕ್ಕಿಬೀಳುವುದಿಲ್ಲ. 1987ರಲ್ಲಿ ಅಮೆರಿಕದಲ್ಲಿ 73 ರಾಸಾಯನಿಕಗಳನ್ನು ಹೋಲಿಸಿ ನೋಡಿದಾಗ, ಇಲಿಗಳಲ್ಲಿ ಕ್ಯಾನ್ಸರ್ ತಂದವುಗಳ ಪೈಕಿ ಶೇಕಡಾ 45ರಷ್ಟನ್ನು ಮಾತ್ರ ಈ ಪರೀಕ್ಷೆ ಹಿಡಿದಿತ್ತು. 1975ರ ಶೇಕಡಾ 90 ಎಂಬ ಅಂಕಿಯನ್ನೇ ನಂಬಿಕೊಂಡಿರುವುದು ತರವಲ್ಲ. ಆಯ್ದುಕೊಂಡ ರಾಸಾಯನಿಕಗಳ ಬಗೆ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ಕ್ರಿಮಿನಾಶಕ ಪದಾರ್ಥಗಳಿಗೆ ಈ ಪರೀಕ್ಷೆ ಅಷ್ಟಾಗಿ ಹೊಂದುವುದಿಲ್ಲ ಎಂಬುದೂ ಗಮನಾರ್ಹ.

ಕಾನೂನು ಮತ್ತು ರಫ್ತಿನ ಅಗತ್ಯಗಳು

ಈ ಪರೀಕ್ಷೆಯನ್ನು ನಡೆಸುವ ಕ್ರಮವನ್ನು ಓ.ಇ.ಸಿ.ಡಿ. ಸಂಸ್ಥೆಯ 471ನೆಯ ಮಾರ್ಗಸೂಚಿಯು ನಿಗದಿಪಡಿಸುತ್ತದೆ. 1997ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಐರೋಪ್ಯ ಒಕ್ಕೂಟದಲ್ಲಿ 2007ರ ಜೂನ್ 1ರಿಂದ ಜಾರಿಗೆ ಬಂದ ‘ರೀಚ್’ ನಿಯಮದ ಪ್ರಕಾರ, ವರ್ಷಕ್ಕೆ 1 ಟನ್ ಅಥವಾ ಅದಕ್ಕೂ ಹೆಚ್ಚು ಪ್ರಮಾಣದಲ್ಲಿ ಅಲ್ಲಿಗೆ ಹೋಗುವ ರಾಸಾಯನಿಕವನ್ನು ನೋಂದಾಯಿಸಬೇಕು. ನೋಂದಣಿಗೆ ಬೇಕಾದ ಮಾಹಿತಿಗಳಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆಯೂ ಒಂದು. ಒಕ್ಕೂಟದ ಹೊರಗಿನ ತಯಾರಕನು ತಾನೇ ನೋಂದಾಯಿಸಲಾರ. ಅಲ್ಲಿನ ಆಮದುದಾರನು ಮಾಡಬೇಕು, ಇಲ್ಲವೆ ತಯಾರಕನು ಅಲ್ಲಿ ತನ್ನ ಏಕೈಕ ಪ್ರತಿನಿಧಿಯನ್ನು ನೇಮಿಸಬೇಕು. ಪರೀಕ್ಷೆಯ ಮಾಹಿತಿ ಆಮದುದಾರನ ಹೆಸರಿನಲ್ಲಿಯೇ ಉಳಿದರೆ, ಖರೀದಿದಾರನನ್ನು ಬದಲಿಸುವ ಸ್ವಾತಂತ್ರ್ಯ ತಯಾರಕನಿಗೆ ಉಳಿಯುವುದಿಲ್ಲ. ದರದ ಮಾತುಕತೆಗೆ ಮುನ್ನ ಇದನ್ನು ಯೋಚಿಸಬೇಕು.

ಭಾರತದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರವು ಪ್ರಯೋಗಾಲಯಗಳಿಗೆ ಜಿ.ಎಲ್.ಪಿ., ಅಂದರೆ ಉತ್ತಮ ಪ್ರಯೋಗಾಲಯ ಪದ್ಧತಿಯ ಪ್ರಮಾಣಪತ್ರ ನೀಡುತ್ತದೆ. 2011ರಲ್ಲಿ ಭಾರತವು ಓ.ಇ.ಸಿ.ಡಿ.ಯ ಪರಸ್ಪರ ಮಾಹಿತಿ ಸ್ವೀಕಾರ ವ್ಯವಸ್ಥೆಯ ಪೂರ್ಣ ಸದಸ್ಯನಾಯಿತು. ಆದಕಾರಣ ಇಂತಹ ಪ್ರಮಾಣಪತ್ರವುಳ್ಳ ಭಾರತೀಯ ಪ್ರಯೋಗಾಲಯದ ವರದಿಯನ್ನು ಆ ದೇಶಗಳು ಸ್ವೀಕರಿಸಬೇಕಾಗುತ್ತದೆ. ಅದೇ ಪರೀಕ್ಷೆಯನ್ನು ಹೊರದೇಶದಲ್ಲಿ ಮತ್ತೊಮ್ಮೆ ಮಾಡಿಸುವ ವೆಚ್ಚ ಉಳಿಯುತ್ತದೆ.

ಬಟ್ಟೆ ವ್ಯಾಪಾರಿಗಳಿಗೆ ಅಜೋ ಬಣ್ಣಗಳ ವಿಷಯ ಪರಿಚಿತವಾದುದು. 1994ರಲ್ಲಿ ಜರ್ಮನಿಯು ಕೆಲವು ಅಜೋ ಬಣ್ಣಗಳನ್ನು ನಿಷೇಧಿಸಿತು. ಭಾರತ ಸರಕಾರವು 1997ರಲ್ಲಿ ಇಂತಹ ಬಣ್ಣಗಳ ಬಳಕೆಯನ್ನು ನಿರ್ಬಂಧಿಸುವ ಅಧಿಸೂಚನೆ ಹೊರಡಿಸಿತು. 2002ರಲ್ಲಿ ಇಡೀ ಐರೋಪ್ಯ ಒಕ್ಕೂಟಕ್ಕೆ ನಿರ್ಬಂಧ ವಿಸ್ತರಿಸಿ, ಬಟ್ಟೆಯಲ್ಲಿ ನಿರ್ದಿಷ್ಟ ಅಮೀನುಗಳ ಮಿತಿ ಕಿಲೋಗ್ರಾಮಿಗೆ 30 ಮಿಲಿಗ್ರಾಂ ಎಂದು ಗೊತ್ತಾಯಿತು. ಬಟ್ಟೆಯಲ್ಲಿ ಅಳೆಯುವುದು ಅಮೀನನ್ನು, ಇದು ಏಮ್ಸ್ ಪರೀಕ್ಷೆಯಲ್ಲ. ಬಣ್ಣದ ಪುಡಿಯನ್ನೇ ಏಮ್ಸ್ ಪರೀಕ್ಷೆಗೆ ಒಳಪಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ಅಜೋ ಬಣ್ಣವು ಕರುಳಿನಲ್ಲಿ ಒಡೆದು ಅಮೀನು ಹೊರಬರುವುದರಿಂದ, ಆ ಒಡೆಯುವಿಕೆಯನ್ನು ಪ್ರಯೋಗಾಲಯದಲ್ಲಿ ಉಂಟುಮಾಡುವ ಮಾರ್ಪಡಿಸಿದ ವಿಧಾನವನ್ನು ಬಳಸಬೇಕು. ಸಾಮಾನ್ಯ ವಿಧಾನದ ನೆಗೆಟಿವ್ ವರದಿಯು ಇಲ್ಲಿ ಸಾಲದಾಗಬಹುದು.

ಔಷಧ ಕ್ಷೇತ್ರದಲ್ಲಿ 2014ರ ಐ.ಸಿ.ಎಚ್. ಎಂ-7 ಮಾರ್ಗಸೂಚಿಯು ಉತ್ಪರಿವರ್ತಕ ಕಲ್ಮಶಗಳಿಗೆ ಮಿತಿ ಹಾಕಿದೆ. ಜೀವನಪೂರ್ತಿ ಸೇವಿಸುವ ಔಷಧದಲ್ಲಿ ಇಂತಹ ಸಾಮಾನ್ಯ ಕಲ್ಮಶವು ದಿನಕ್ಕೆ 1.5 ಮೈಕ್ರೋಗ್ರಾಂ ಮೀರಬಾರದು. ನೈಟ್ರೋಸಮೀನ್‌ಗಳಂತಹ ಪ್ರಬಲ ಗುಂಪುಗಳಿಗೆ ಮಿತಿ ಇನ್ನೂ ಕಠಿಣ. 2018ರ ಜುಲೈಯಲ್ಲಿ ರಕ್ತದೊತ್ತಡದ ಔಷಧವಾದ ವಾಲ್ಸಾರ್ಟಾನಿನಲ್ಲಿ ನೈಟ್ರೋಸಮೀನ್ ಸಿಕ್ಕಿ, ಅನೇಕ ದೇಶಗಳಲ್ಲಿ ಮಾತ್ರೆಗಳನ್ನು ಹಿಂದಕ್ಕೆ ಪಡೆಯಲಾಯಿತು. ತಯಾರಿಕಾ ವಿಧಾನದ ಬದಲಾವಣೆಯೊಂದಿಗೆ, ಮರುಬಳಕೆಯ ದ್ರಾವಕಗಳೂ ಇಂತಹ ಕಲ್ಮಶಕ್ಕೆ ಮೂಲವಾಗಬಲ್ಲವೆಂದು ನಿಯಂತ್ರಕರು ಅನಂತರ ಗುರುತಿಸಿದರು. ದ್ರಾವಕಗಳನ್ನು ಶುದ್ಧೀಕರಿಸಿ ಮಾರುವ ಸಣ್ಣ ಘಟಕಗಳು, ಇಂಟರ್‌ಮೀಡಿಯೇಟ್ ತಯಾರಿಸುವ ಬೀದರ್, ಬೆಂಗಳೂರುಗಳ ಘಟಕಗಳು ಇದನ್ನು ದೂರದ ಸುದ್ದಿಯೆಂದು ತಿಳಿಯಲಾಗದು. ನೈಟ್ರೋಸಮೀನ್‌ಗಳಿಗಾಗಿ ಯೂರೋಪ್ ಮತ್ತು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಇನ್ನಷ್ಟು ಸೂಕ್ಷ್ಮವಾದ ಏಮ್ಸ್ ಪರೀಕ್ಷೆಯನ್ನು ಸೂಚಿಸಿದ್ದು, ಅದರಲ್ಲಿ ಹ್ಯಾಮ್‌ಸ್ಟರ್ ಯಕೃತ್ತಿನ ಸಾರವನ್ನೂ ಬಳಸಬೇಕಾಗುತ್ತದೆ.

ವರದಿಯನ್ನು ಪರಿಶೀಲಿಸುವಾಗ ಗಮನಿಸತಕ್ಕ ಅಂಶಗಳು

ಸರಬರಾಜುದಾರನು ನೀಡುವ ವರದಿಯನ್ನು ಕಡತಕ್ಕೆ ಸೇರಿಸುವ ಮುನ್ನ ಕೆಳಗಿನ ಅಂಶಗಳನ್ನು ನೋಡಬೇಕು. ಇದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಬೀಜಕವನ್ನು ಸರಕಿನೊಂದಿಗೆ ತಾಳೆ ನೋಡುವ ಅಭ್ಯಾಸವೇ ಸಾಕು.

1. ವರದಿಯಲ್ಲಿರುವ ರಾಸಾಯನಿಕದ ಹೆಸರು, ಶುದ್ಧತೆ ಮತ್ತು ಬ್ಯಾಚ್ ಸಂಖ್ಯೆಗಳು ಕೊಳ್ಳುವ ಸರಕಿನ ತಯಾರಿಕಾ ವಿಧಾನಕ್ಕೆ ಹೊಂದುತ್ತವೆಯೇ? ಶೇಕಡಾ 99ರ ಶುದ್ಧ ಮಾದರಿಯ ವರದಿಯು ಶೇಕಡಾ 90ರ ಸರಕಿಗೆ ಅನ್ವಯಿಸುವುದಿಲ್ಲ. ಅಪಾಯ ಆ ಉಳಿದ ಕಲ್ಮಶದಲ್ಲಿಯೇ ಇರಬಹುದು.

2. ಪ್ರಯೋಗಾಲಯಕ್ಕೆ ಜಿ.ಎಲ್.ಪಿ. ಪ್ರಮಾಣಪತ್ರವಿದೆಯೇ? ಪರೀಕ್ಷೆ ನಡೆದ ದಿನಾಂಕದಂದು ಅದು ಊರ್ಜಿತವಾಗಿತ್ತೇ?

3. ಕನಿಷ್ಠ ಐದು ತಳಿಗಳನ್ನು ಬಳಸಲಾಗಿದೆಯೇ? ಟಿಎ 98, ಟಿಎ 100, ಟಿಎ 1535, ಟಿಎ 1537 ಇವುಗಳ ಜೊತೆಗೆ ಟಿಎ 102 ಅಥವಾ ಇ-ಕೋಲೈ ತಳಿಯೊಂದು ಇರುವುದು ಸಾಮಾನ್ಯ. ಒಂದೊಂದು ತಳಿಯೂ ಒಂದೊಂದು ಬಗೆಯ ತಪ್ಪನ್ನು ಹಿಡಿಯುತ್ತದೆ.

4. ಎಸ್-9 ಸೇರಿಸಿಯೂ ಸೇರಿಸದೆಯೂ ಪರೀಕ್ಷೆ ನಡೆದಿದೆಯೇ?

5. ಕನಿಷ್ಠ ಐದು ಪ್ರಮಾಣಗಳಲ್ಲಿ ಪರೀಕ್ಷಿಸಲಾಗಿದೆಯೇ? ರಾಸಾಯನಿಕವು ಕರಗುವಂತಹದಾಗಿದ್ದು ಬ್ಯಾಕ್ಟೀರಿಯಾಗಳನ್ನು ಕೊಲ್ಲದಿದ್ದರೆ, ಗರಿಷ್ಠ ಪ್ರಮಾಣ ತಟ್ಟೆಯೊಂದಕ್ಕೆ 5 ಮಿಲಿಗ್ರಾಂ ಇರಬೇಕು.

6. ಉತ್ಪರಿವರ್ತಕವೆಂದು ಮೊದಲೇ ತಿಳಿದ ಪದಾರ್ಥವನ್ನು ಹೋಲಿಕೆಗಾಗಿ ಬಳಸಿ, ಅಲ್ಲಿ ಚುಕ್ಕೆಗಳು ಏರಿವೆಯೇ? ಅಲ್ಲಿಯೂ ಏರದಿದ್ದರೆ ಪರೀಕ್ಷೆಯೇ ವಿಫಲವೆಂದರ್ಥ.

7. ಕೊನೆಯ ಪುಟದ ನಿರ್ಣಯ ಮಾತ್ರವಲ್ಲದೆ ಎಣಿಕೆಯ ಪಟ್ಟಿಗಳೂ ಇವೆಯೇ? ಲಾಭ-ನಷ್ಟದ ತಖ್ತೆಯಿಲ್ಲದೆ ನಿವ್ವಳ ಲಾಭದ ಅಂಕಿಯೊಂದನ್ನೇ ಒಪ್ಪುವ ಲೆಕ್ಕಪರಿಶೋಧಕನಿಲ್ಲ.

ಲೆಕ್ಕಪತ್ರ ಮತ್ತು ಕರಾರಿನ ದೃಷ್ಟಿಯಿಂದ

ನಿಷೇಧಕ್ಕೊಳಗಾದ ಅಥವಾ ಮಾರಲಾಗದ ದಾಸ್ತಾನನ್ನು ಕೊಂಡ ಬೆಲೆಯಲ್ಲಿಯೇ ಆಸ್ತಿ-ಹೊಣೆ ತಖ್ತೆಯಲ್ಲಿ ತೋರಿಸಲಾಗದು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಕೊಂಡ ಬೆಲೆ, ಮಾರಿದರೆ ಬರುವ ನಿವ್ವಳ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಸರಕನ್ನು ಹಿಂದಕ್ಕೆ ಪಡೆಯುವ ಬಾಧ್ಯತೆ ಬಹುಮಟ್ಟಿಗೆ ಖಚಿತವಾಗಿ, ಮೊತ್ತವನ್ನು ಅಂದಾಜಿಸಬಹುದಾದರೆ ಮಾನದಂಡ 29ರಂತೆ ಅವಕಾಶ ಕಲ್ಪಿಸಬೇಕು. ಸಂಭವನೀಯವಷ್ಟೇ ಆಗಿದ್ದರೆ ಟಿಪ್ಪಣಿಯಲ್ಲಿ ತಿಳಿಸಬೇಕು. ಬ್ಯಾಂಕಿನಲ್ಲಿ ಆ ದಾಸ್ತಾನಿನ ಮೇಲೆ ಸಾಲ ಪಡೆದಿದ್ದರೆ ಸಾಲದ ಮಿತಿಯೂ ಕುಗ್ಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದೆ. ಬೇರೆಯವರು ತಯಾರಿಸಿದ ಸರಕಿಗೆ ತನ್ನ ಹೆಸರಿನ ಗುರುತು ಹಾಕಿ ಮಾರುವವನನ್ನೂ ಅದು ತಯಾರಕನೆಂದೇ ಪರಿಗಣಿಸುತ್ತದೆ. ದೊಡ್ಡ ಚೀಲದ ಬಣ್ಣವನ್ನು ಸಣ್ಣ ಪೊಟ್ಟಣಗಳಿಗೆ ತುಂಬಿ ತನ್ನ ಲೇಬಲ್ ಅಂಟಿಸಿ ಗ್ರಾಹಕರಿಗೆ ಮಾರುವವರು ಈ ಮಾತನ್ನು ಮರೆಯಬಾರದು. ಮೂಲ ತಯಾರಕನಾರೆಂದು ಗೊತ್ತಾಗದಿದ್ದಾಗ ಮಾರಾಟಗಾರನೇ ಹೊಣೆಯಾಗುವ ಸಂಭವವೂ ಇದೆ. ಆದುದರಿಂದ ಖರೀದಿ ಕರಾರಿನಲ್ಲಿ ಮೂರು ಷರತ್ತುಗಳಿರುವುದು ಕ್ಷೇಮಕರ: ಪರೀಕ್ಷಾ ವರದಿಯ ಪೂರ್ಣ ಪ್ರತಿ ಒದಗಿಸುವುದು, ತಯಾರಿಕಾ ವಿಧಾನ ಬದಲಾದರೆ ಮುಂಚಿತವಾಗಿ ಲಿಖಿತ ಸೂಚನೆ ನೀಡುವುದು, ದೋಷದಿಂದ ಸರಕು ಹಿಂದಿರುಗಿದರೆ ನಷ್ಟವನ್ನು ಸರಬರಾಜುದಾರನು ಭರಿಸುವುದು. ಟ್ರಿಸ್ ಪ್ರಕರಣದಲ್ಲಿ ಉಡುಪು ತಯಾರಕರು ನ್ಯಾಯಾಲಯದಲ್ಲಿ ಹೋರಾಡಿದುದು ಮೂರನೆಯ ಷರತ್ತಿನ ವಿಷಯಕ್ಕಾಗಿಯೇ.

ಉಪಸಂಹಾರ

ಎರಡು ಮೂರು ದಿನಗಳಲ್ಲಿ ತಟ್ಟೆಯ ಮೇಲೆ ಮೂಡುವ ಚುಕ್ಕೆಗಳು ಸರಕಿನ ಪೂರ್ಣ ಚರಿತ್ರೆಯನ್ನು ಹೇಳುವುದಿಲ್ಲ. ಆದರೆ ಎಲ್ಲಿ ನಿಂತು ಯೋಚಿಸಬೇಕೆಂಬುದನ್ನು ತೋರಿಸುತ್ತವೆ. ಪಾಸಿಟಿವ್ ವರದಿ ಬಂದಾಗ ಗಾಬರಿಗೊಳ್ಳದೆ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು. ನೆಗೆಟಿವ್ ವರದಿ ಬಂದಾಗ ಅದನ್ನು ಎಲ್ಲಕ್ಕೂ ಅಭಯಪತ್ರವೆಂದು ಭಾವಿಸಬಾರದು. ವರದಿಯೇ ಇಲ್ಲದಾಗ ಸರಕಿನ ಅಪಾಯವನ್ನು ವರ್ತಕನು ತಿಳಿಯದೆಯೇ ತನ್ನ ಖಾತೆಗೆ ಬರೆದುಕೊಂಡಂತೆ. ಅದನ್ನು ಮೊದಲು ಮುಟ್ಟುವವರು ಬಣ್ಣ ತೂಗುವ, ಚೀಲ ಬಿಚ್ಚುವ, ದ್ರಾವಕ ಸುರಿಯುವ ಅವನ ಕೆಲಸಗಾರರೇ. ಈ ಪರೀಕ್ಷೆಯ ವೆಚ್ಚವನ್ನು ವ್ಯವಹಾರದ ಹೊರೆಯೆಂದಲ್ಲದೆ, ಸರಕಿನ ವಿಮೆಯಂತೆ ಅಗತ್ಯದ ಖರ್ಚೆಂದು ಪರಿಗಣಿಸುವುದು ವಿವೇಕ.